ಗಂಟಲು ನೋವು ಹೋಯಿತು, ಮಂಡಿ ಊದಿತು: ಎಎಸ್‌ಓ ರಿಪೋರ್ಟ್ ಹಿಡಿದು ಏನು ಮಾಡಲಿ?

ಪ್ರಶ್ನೆ: ಡಾಕ್ಟರೇ, ನನಗೆ 23 ವರ್ಷ. ಊರು ಹಾಸನದ ಹತ್ತಿರ, ಕೆಲಸ ಬೆಂಗಳೂರಲ್ಲಿ. ಪಿಜಿಯಲ್ಲಿ ಒಂದೇ ರೂಮಲ್ಲಿ ನಾಲ್ಕು ಜನ ಇದ್ದೇವೆ. ಹೋದ ತಿಂಗಳು ಗಂಟಲು ನೋವು, ಜ್ವರ ಬಂದಿತ್ತು. ಸ್ವಲ್ಪ ಕೆಮ್ಮೂ ಇತ್ತು. ಮೆಡಿಕಲ್ ಶಾಪ್‌ನಲ್ಲಿ ಕೇಳಿ ಮೂರು ದಿನ ಅಜಿಥ್ರೋಮೈಸಿನ್ ತಗೊಂಡೆ, ಹುಷಾರಾದೆ. ಎರಡೂವರೆ ವಾರ ಆದ ಮೇಲೆ ಬಲ ಮಂಡಿ ಊದಿಕೊಂಡು ಮೆಟ್ಟಿಲು ಹತ್ತೋಕೂ ಆಗಲಿಲ್ಲ. ಮೂರು ದಿನಕ್ಕೆ ಅದು ಇಳಿದು ಎಡಗಾಲಿನ ಗಿಣ್ಣು ಹಿಡಿಯಿತು. ಈಗ ಬಲಗೈ ಮಣಿಕಟ್ಟು. ಸಂಜೆ ಮೈ ಬೆಚ್ಚಗಾಗುತ್ತೆ. ಲ್ಯಾಬಿನಲ್ಲಿ ಎಎಸ್‌ಓ 480, ಇಎಸ್‌ಆರ್ 62, ಸಿಆರ್‌ಪಿ 48, ಆರ್‌ಎ ಫ್ಯಾಕ್ಟರ್ 22, ಯೂರಿಕ್ ಆಸಿಡ್ 7.1 ಬಂದಿದೆ. ಒಬ್ಬ ಡಾಕ್ಟರು 21 ದಿನಕ್ಕೊಮ್ಮೆ ಪೆನಿಸಿಲಿನ್ ಇಂಜೆಕ್ಷನ್ ವರ್ಷಗಟ್ಟಲೆ ಬೇಕು ಅಂದರು. ಇನ್ನೊಬ್ಬರು, ಅದೆಲ್ಲ ಮಕ್ಕಳ ಕಾಯಿಲೆ, ಇದು ವೈರಲ್, ತಾನಾಗೇ ಹೋಗುತ್ತೆ ಅಂದರು. ಗೂಗಲ್ ಮಾಡಿದರೆ ರುಮಟಾಯ್ಡ್ ಅಂತ ಬರುತ್ತೆ. ಅಮ್ಮ ನಂಜು ಅಂತ ಬದನೆಕಾಯಿ, ಆಲೂಗಡ್ಡೆ ನಿಲ್ಲಿಸಿದ್ದಾರೆ. ಯಾರ ಮಾತು ಕೇಳಲಿ? ಕ್ರಿಕೆಟ್ ಯಾವಾಗ ಆಡಬಹುದು?

ಉತ್ತರ: ಮಿಕ್ಕಿದ್ದೆಲ್ಲ ಆಮೇಲೆ. ಮೊದಲು ಈ ವಾರವೇ ಒಂದು ಇಸಿಜಿ ಮತ್ತು ಒಂದು ಎಕೋ (ಹೃದಯದ ಅಲ್ಟ್ರಾಸೌಂಡ್) ಮಾಡಿಸಿ. ನಿಮ್ಮ ರಿಪೋರ್ಟ್‌ನಲ್ಲಿ ಐದು ಅಂಕಿಗಳಿವೆ. ಆದರೆ ನಿಮ್ಮ ಕಾಯಿಲೆಗೆ ಎಲ್ಲಕ್ಕಿಂತ ಮುಖ್ಯವಾದ ಎರಡು ಪರೀಕ್ಷೆಗಳೇ ಅದರಲ್ಲಿಲ್ಲ. ಎರಡೂ ಹೃದಯದ್ದು. ನೋವಿರುವುದು ಮಂಡಿಯಲ್ಲಿ, ಹೃದಯ ಯಾಕೆ ಅಂತ ಕೇಳುತ್ತೀರಿ. ಅದನ್ನೇ ಹೇಳುತ್ತೇನೆ.

ಜ್ವರ, ನೆಗಡಿಯ ಜೊತೆ ಕೈಕಾಲು ನೋಯುವುದು ಎಲ್ಲರಿಗೂ ಗೊತ್ತಿರುವ ವಿಷಯ. ಸೋಂಕಿನ ವಿರುದ್ಧ ದೇಹ ಬಿಡುಗಡೆ ಮಾಡುವ ರಾಸಾಯನಿಕಗಳಿಂದ ಬರುವ ನೋವು ಅದು. ಜ್ವರ ಇಳಿದ ಹಾಗೆ ಅದೂ ಇಳಿಯುತ್ತದೆ. ಕೀಲು ಊದುವುದಿಲ್ಲ, ಬರೀ ನೋಯುತ್ತದೆ. ಅದಕ್ಕೇ ನಾವು ಮೊದಲು ಕೇಳುವ ಪ್ರಶ್ನೆ ‘ಎಷ್ಟು ನೋವು’ ಅಂತ ಅಲ್ಲ. ‘ಊದಿತ್ತಾ? ಯಾವತ್ತು ಊದಿತು?’ ಅಂತ. ಸೋಂಕು ಬಂದ ದಿನಕ್ಕೂ ಕೀಲು ಊದಿದ ದಿನಕ್ಕೂ ನಡುವಿನ ಅಂತರ ಯಾವ ಲ್ಯಾಬ್ ಪರೀಕ್ಷೆಗಿಂತಲೂ ಜಾಸ್ತಿ ಹೇಳುತ್ತದೆ. ನಿಮ್ಮದು ಊದಿದೆ. ಅದೂ ಗಂಟಲು ಪೂರ್ತಿ ಸರಿಹೋಗಿ, ಎರಡೂವರೆ ವಾರ ಆರಾಮಾಗಿದ್ದ ಮೇಲೆ.

ಈ ಆರಾಮಿನ ಅವಧಿಯೇ ಇಲ್ಲಿ ದೊಡ್ಡ ಸುಳಿವು. ಗಂಟಲಿಗೆ ಸ್ಟ್ರೆಪ್ಟೊಕಾಕಸ್ ಎಂಬ ಬ್ಯಾಕ್ಟೀರಿಯಾ ಬಂದು ಹೋದ ಮೇಲೆ, ಸಾಮಾನ್ಯವಾಗಿ ಎರಡು ಮೂರು ವಾರ ಬಿಟ್ಟು, ಕೆಲವರಲ್ಲಿ ರುಮ್ಯಾಟಿಕ್ ಜ್ವರ ಶುರುವಾಗುತ್ತದೆ. ಆ ಹೊತ್ತಿಗೆ ಗಂಟಲಲ್ಲಿ ಬ್ಯಾಕ್ಟೀರಿಯಾ ಇರಲೇಬೇಕೆಂದಿಲ್ಲ. ಅದರ ವಿರುದ್ಧ ತಯಾರಾದ ಪ್ರತಿಕಾಯಗಳು ನಮ್ಮದೇ ಅಂಗಾಂಶಗಳ ಮೇಲೆ ತಿರುಗಿಬಿದ್ದಿರುತ್ತವೆ. ಬ್ಯಾಕ್ಟೀರಿಯಾದ ಮೈಮೇಲಿನ ಎಂ ಪ್ರೋಟೀನ್‌ಗೂ ನಮ್ಮ ಹೃದಯದ ಕೆಲವು ಪ್ರೋಟೀನ್‌ಗಳಿಗೂ ಹೋಲಿಕೆ ಇದೆ. ಕಳ್ಳನ ಚಹರೆ ಕೇಳಿಕೊಂಡು ಹೋದ ಪೊಲೀಸರು ಪಕ್ಕದ ಬೀದಿಯ ಅಮಾಯಕನನ್ನು ಹಿಡಿದ ಹಾಗೆ ಆಗುತ್ತದೆ.

ಎರಡನೇ ಸುಳಿವು ನೋವಿನ ನಡಿಗೆ. ಬಲ ಮಂಡಿ, ಅದು ಇಳಿಯುವ ಹೊತ್ತಿಗೆ ಎಡ ಗಿಣ್ಣು, ಆಮೇಲೆ ಮಣಿಕಟ್ಟು. ಹೀಗೆ ದೊಡ್ಡ ಕೀಲುಗಳಲ್ಲಿ ಒಂದರಿಂದ ಇನ್ನೊಂದಕ್ಕೆ ವಲಸೆ ಹೋಗುವುದು ರುಮ್ಯಾಟಿಕ್ ಜ್ವರದ ಹಳೆಯ ಚಾಳಿ. ಒಂದೊಂದು ಕೀಲಲ್ಲಿ ಕೆಲವು ದಿನ ಇದ್ದು ಮುಂದಕ್ಕೆ ಹೋಗುತ್ತದೆ. ಹೋದ ಮೇಲೆ ಕೀಲು ಮೊದಲಿನ ಹಾಗೇ ಆಗುತ್ತದೆ, ಸೊಟ್ಟಗಾಗುವುದಿಲ್ಲ. ಈ ಕಾಯಿಲೆ ಕೀಲನ್ನು ಬರೀ ನೆಕ್ಕುತ್ತದೆ, ಹೃದಯವನ್ನು ಕಚ್ಚುತ್ತದೆ ಅನ್ನುವ ಮಾತನ್ನು ಮೆಡಿಕಲ್ ಓದಿದವರೆಲ್ಲ ಕೇಳಿರುತ್ತಾರೆ. ಹೃದಯದ ಕವಾಟಗಳಿಗೆ, ಅದರಲ್ಲೂ ಮೈಟ್ರಲ್ ಕವಾಟಕ್ಕೆ ಪೆಟ್ಟು ಬಿದ್ದರೆ ಆಗ ಏನೂ ಗೊತ್ತಾಗದೇ ಇರಬಹುದು. ಹತ್ತು ಹದಿನೈದು ವರ್ಷ ಆದ ಮೇಲೆ ಉಬ್ಬಸ ಬಂದಾಗ ಗೊತ್ತಾಗುತ್ತದೆ. ನಮ್ಮ ಕಡೆ ಎಷ್ಟೋ ಹೆಣ್ಣುಮಕ್ಕಳಿಗೆ ಕವಾಟ ಕಿರಿದಾಗಿದೆ ಅಂತ ಗೊತ್ತಾಗುವುದೇ ಮೊದಲ ಬಸುರಿನಲ್ಲಿ. ಚಿಕ್ಕಂದಿನಲ್ಲಿ ಕೀಲು ನೋವು ಬಂದಿತ್ತಾ ಅಂದರೆ, ‘ಹ್ಞೂಂ, ಬಂದಿತ್ತು, ತಾನಾಗೇ ಹೋಯ್ತು’ ಅನ್ನುತ್ತಾರೆ.

ಹಾಗಾದರೆ ಮೊದಲನೇ ಡಾಕ್ಟರು ಹೇಳಿದ್ದೇ ಸರಿ, ಅಲ್ವಾ? ಇನ್ನೂ ಅಷ್ಟು ಬೇಗ ಬೇಡ.

ನಿಮ್ಮ ಕೈಯಲ್ಲಿರುವ ಅಂಕಿಗಳನ್ನು ಒಂದೊಂದಾಗಿ ನೋಡೋಣ. ಎಎಸ್‌ಓ 480. ಬಹಳಷ್ಟು ಲ್ಯಾಬುಗಳು ದೊಡ್ಡವರಿಗೆ 200ರವರೆಗೆ ಸರಿ ಅನ್ನುತ್ತವೆ. ಈ ಪರೀಕ್ಷೆ ಹೇಳುವುದು ಇಷ್ಟೇ: ಇತ್ತೀಚೆಗೆ ಯಾವಾಗಲೋ ನಿಮಗೆ ಸ್ಟ್ರೆಪ್ ಸೋಂಕು ಆಗಿತ್ತು. ನಿಮಗೆ ರುಮ್ಯಾಟಿಕ್ ಜ್ವರ ಇದೆ ಅಂತ ಇದು ಹೇಳುವುದಿಲ್ಲ. ಸೋಂಕಾದ ಒಂದೆರಡು ವಾರಕ್ಕೆ ಏರಲು ಶುರುವಾಗಿ, ಮೂರರಿಂದ ಆರು ವಾರಕ್ಕೆ ತುದಿ ಮುಟ್ಟಿ, ಆಮೇಲೆ ನಿಧಾನಕ್ಕೆ ತಿಂಗಳುಗಟ್ಟಲೆ ಇಳಿಯುತ್ತದೆ. ಜನ ಒತ್ತಾಗಿ ಬದುಕುವ ಕಡೆ, ನಿಮ್ಮ ಪಿಜಿಯಂಥ ಕಡೆ, ಏನೂ ಕಾಯಿಲೆ ಇಲ್ಲದವರಲ್ಲೂ ಇದು ಜಾಸ್ತಿ ಇರುತ್ತದೆ. ನಿಮ್ಮ ಮೂವರು ರೂಮ್‌ಮೇಟ್‌ಗಳಿಗೆ ಮಾಡಿಸಿದರೂ ಒಬ್ಬರಿಗೆ ಏರಿದ್ದರೆ ಆಶ್ಚರ್ಯವಿಲ್ಲ. ಹಾಗಾಗಿ ಎರಡು ವಾರ ಬಿಟ್ಟು ಅದೇ ಲ್ಯಾಬಿನಲ್ಲಿ ಇನ್ನೊಮ್ಮೆ ಮಾಡಿಸಿ. ಚೆನ್ನಾಗಿ ಏರಿದ್ದರೆ ಅಥವಾ ಇಳಿದಿದ್ದರೆ ಸೋಂಕು ತೀರಾ ಇತ್ತೀಚಿನದು. ಇದ್ದಲ್ಲೇ ಇದ್ದರೆ ಹಳೆಯದಿರಬಹುದು.

ಬರೀ ಎಎಸ್‌ಓ ಜಾಸ್ತಿ ಇದೆ ಅಂತ ಪೆನಿಸಿಲಿನ್ ಶುರುಮಾಡುವುದು ನಮ್ಮಲ್ಲಿ ತುಂಬಾ ನಡೆಯುತ್ತದೆ. ಬೆಳೆಯುವ ವಯಸ್ಸಿನ ಕಾಲು ನೋವಿಗೆ, ವಿಟಮಿನ್ ಡಿ ಕಡಿಮೆ ಇದ್ದದ್ದಕ್ಕೆ, ಆಟ ಆಡಿ ಬಂದ ನೋವಿಗೆಲ್ಲ ಈ ಪರೀಕ್ಷೆ ಮಾಡಿಸಿ, ಅಂಕಿ ನೋಡಿ, ವರ್ಷಗಟ್ಟಲೆ ಚುಚ್ಚಿಸಿಕೊಂಡವರಿದ್ದಾರೆ. ಕೀಲು ಊದದೆ, ಜ್ವರ ಇಲ್ಲದೆ ಎಎಸ್‌ಓ ಬರೆಯುವುದೇ ಬೇಡ ಅನ್ನುವುದು ನನ್ನ ಅಭಿಪ್ರಾಯ. ಆದರೆ ನಿಮ್ಮ ವಿಷಯ ಬೇರೆ. ನಿಮ್ಮ ಕೀಲು ಊದಿದೆ, ಅಂಕಿಗೆ ಜೊತೆಯಾಗಿ ಕಥೆಯೂ ಇದೆ.

ಆರ್‌ಎ ಫ್ಯಾಕ್ಟರ್ ರುಮಟಾಯ್ಡ್ ಅನುಮಾನಕ್ಕೆ ಮಾಡಿಸುವ ಪರೀಕ್ಷೆ. ಅದು 22 ಇದೆ ಅಂತ ನಿದ್ದೆ ಕೆಡಿಸಿಕೊಳ್ಳಬೇಡಿ. ಯಾವುದೇ ಸೋಂಕಿನ ನಂತರ ಇದು ಸ್ವಲ್ಪ ಏರಬಹುದು. ಕ್ಷಯ, ಹೆಪಟೈಟಿಸ್ ಸಿ ಇದ್ದರೂ ಏರುತ್ತದೆ, ಸುಮ್ನೆ ಆರೋಗ್ಯವಾಗಿರುವವರಲ್ಲೂ ಇರುತ್ತದೆ. ರುಮಟಾಯ್ಡ್ ಆರ್ಥ್ರೈಟಿಸ್ ಸಾಮಾನ್ಯವಾಗಿ ಹಿಡಿಯುವುದು ಎರಡೂ ಕೈಗಳ ಬೆರಳ ಗೆಣ್ಣುಗಳನ್ನು. ಬೆಳಿಗ್ಗೆ ಎದ್ದರೆ ಒಂದು ಗಂಟೆಯಾದರೂ ಬೆರಳು ಮಡಿಸಲು ಬರುವುದಿಲ್ಲ. ಒಂದು ಕೀಲು ಬಿಟ್ಟು ಇನ್ನೊಂದಕ್ಕೆ ಹೋಗುವ ಬದಲು, ಇದ್ದಲ್ಲೇ ಕೂತು ಹೊಸದನ್ನು ಸೇರಿಸಿಕೊಳ್ಳುತ್ತಾ ಹೋಗುತ್ತದೆ. ಆರು ವಾರ ದಾಟಿದ ಮೇಲೂ ಊತ ಉಳಿದರೆ ಆಗ ಆಂಟಿ ಸಿಸಿಪಿ ಅನ್ನುವ ಪರೀಕ್ಷೆ ಮಾಡಿಸೋಣ. ಯೂರಿಕ್ ಆಸಿಡ್ 7.1 ಅನ್ನು ಸದ್ಯಕ್ಕೆ ಮರೆತುಬಿಡಿ. ಅದಕ್ಕೆ ಮಾತ್ರೆ ಬರೆದಿದ್ದರೆ ತಗೋಬೇಡಿ.

ಈಗ ಲೆಕ್ಕಕ್ಕೆ ಬರೋಣ. ರುಮ್ಯಾಟಿಕ್ ಜ್ವರಕ್ಕೆ ಇಂಥದ್ದೇ ಒಂದು ಪರೀಕ್ಷೆ ಅಂತ ಇಲ್ಲ. 1944ರಲ್ಲಿ ಅಮೆರಿಕದ ಡಾ. ಡಕೆಟ್ ಜೋನ್ಸ್ ಒಂದು ಮಾನದಂಡ ಮಾಡಿಕೊಟ್ಟರು, ಅದನ್ನು ಹಲವು ಸಲ ತಿದ್ದಿ ಇವತ್ತಿಗೂ ಬಳಸುತ್ತೇವೆ. ಇದರಲ್ಲಿ ದೊಡ್ಡ ಲಕ್ಷಣಗಳು, ಸಣ್ಣ ಲಕ್ಷಣಗಳು ಅಂತ ಇವೆ. ಸ್ಟ್ರೆಪ್ ಸೋಂಕಿನ ಪುರಾವೆ ಇದ್ದು, ಎರಡು ದೊಡ್ಡವು ಅಥವಾ ಒಂದು ದೊಡ್ಡದು ಎರಡು ಸಣ್ಣವು ಸೇರಿದರೆ ರುಮ್ಯಾಟಿಕ್ ಜ್ವರ ಅನ್ನಬಹುದು. ಅದೂ ಬೇರೆ ಕಾರಣ ಇಲ್ಲ ಅಂತ ನೋಡಿಕೊಂಡ ಮೇಲೆ. ನಿಮಗೆ ಹಲವು ಕೀಲು ಊದಿರುವುದು ಒಂದು ದೊಡ್ಡ ಲಕ್ಷಣ. ಎಎಸ್‌ಓ ಪುರಾವೆ. ಇಎಸ್‌ಆರ್, ಸಿಆರ್‌ಪಿ ಎರಡೂ ದೇಹದಲ್ಲಿನ ಉರಿಯೂತವನ್ನು ತೋರಿಸುವ ಪರೀಕ್ಷೆಗಳು. ಎರಡೂ ಏರಿವೆ, ಆದರೆ ಎರಡೂ ಸೇರಿ ಲೆಕ್ಕಕ್ಕೆ ಒಂದೇ ಸಣ್ಣ ಲಕ್ಷಣ. ಇಲ್ಲೇ ಬಹಳ ಜನ ಎರಡು ಅಂತ ಎಣಿಸಿಬಿಡುತ್ತಾರೆ. ಕೀಲು ನೋವನ್ನೂ ಬೇರೆಯಾಗಿ ಎಣಿಸುವ ಹಾಗಿಲ್ಲ, ಯಾಕೆಂದರೆ ಊತವನ್ನು ಆಗಲೇ ದೊಡ್ಡದರಲ್ಲಿ ಹಿಡಿದಾಯಿತು.

ಅಂದರೆ ಇನ್ನೂ ಒಂದು ಸಣ್ಣ ಲಕ್ಷಣ ಬೇಕು. ಅದು ಎರಡು ಕಡೆಯಿಂದ ಬರಬಹುದು. ಒಂದು ಜ್ವರ. ‘ಸಂಜೆ ಮೈ ಬೆಚ್ಚಗಾಗುತ್ತೆ’ ಅಂತ ಬರೆದಿದ್ದೀರಿ, ಅಳೆದಿಲ್ಲ. 2015ರ ತಿದ್ದುಪಡಿಯ ಪ್ರಕಾರ, ಈ ಕಾಯಿಲೆ ಜಾಸ್ತಿ ಇರುವ ನಮ್ಮಂಥ ದೇಶದಲ್ಲಿ 38 ಡಿಗ್ರಿ ಸೆಲ್ಸಿಯಸ್, ಅಂದರೆ 100.4 ಫ್ಯಾರನ್‌ಹೀಟ್ ಮುಟ್ಟಿದರೆ ಅದು ಲೆಕ್ಕಕ್ಕೆ ಬರುತ್ತದೆ. ಮೆಡಿಕಲ್ ಶಾಪ್‌ನಲ್ಲಿ ಒಂದು ಡಿಜಿಟಲ್ ಥರ್ಮಾಮೀಟರ್ ತಗೊಳ್ಳಿ. ಮಾತ್ರೆ ನುಂಗುವ ಮುಂಚೆ ಅಳೆದು ತಾರೀಖು, ಹೊತ್ತು ಸಮೇತ ಮೊಬೈಲಲ್ಲಿ ಬರೆದಿಡಿ. ಇನ್ನೊಂದು ಇಸಿಜಿಯಲ್ಲಿ ಪಿಆರ್ ಅನ್ನುವ ಅಂತರ ಉದ್ದವಾಗಿರುವುದು. ಅದಕ್ಕೇ ಇಸಿಜಿ ಅಂದೆ. ಐದು ನಿಮಿಷದ ಕೆಲಸ, ಆದರೆ ಮಂಡಿ ನೋವು ಅಂತ ಹೋದವರಿಗೆ ಯಾರೂ ಮಾಡಿಸುವುದಿಲ್ಲ.

ಎಕೋದಲ್ಲಿ ಕವಾಟ ಸೋರುವುದು ಕಂಡರೆ ಅದೇ ಎರಡನೇ ದೊಡ್ಡ ಲಕ್ಷಣ, ಚರ್ಚೆ ಅಲ್ಲಿಗೆ ಮುಗಿಯಿತು. ಮೊದಲೆಲ್ಲ ಸ್ಟೆತಸ್ಕೋಪಿನಲ್ಲಿ ಶಬ್ದ ಕೇಳಿಸಿದರೆ ಮಾತ್ರ ಹೃದಯಕ್ಕೆ ತಗುಲಿದೆ ಅನ್ನುತ್ತಿದ್ದೆವು. ಈಗ ಕಿವಿಗೆ ಏನೂ ಕೇಳಿಸದಿದ್ದರೂ ಎಕೋದಲ್ಲಿ ಕಂಡರೆ ಸಾಕು. ಎಕೋ ಮಾಡುವವರಿಗೆ ‘ರುಮ್ಯಾಟಿಕ್ ಅನುಮಾನ’ ಅಂತ ಚೀಟಿಯಲ್ಲಿ ಬರೆಸಿಕೊಂಡು ಹೋಗಿ. ಹಾಗೆ ಬರೆದಿದ್ದರೆ ಮೈಟ್ರಲ್, ಅಯೋರ್ಟಿಕ್ ಕವಾಟಗಳನ್ನು ನಿಧಾನವಾಗಿ ನೋಡುತ್ತಾರೆ. ಬೆಂಗಳೂರಲ್ಲಿದ್ದೀರಿ, ಜಯದೇವ ಇದೆ, ಸರ್ಕಾರಿ ಮೆಡಿಕಲ್ ಕಾಲೇಜು ಆಸ್ಪತ್ರೆಗಳಿವೆ. ಮೊದಲ ಎಕೋ ಸರಿ ಇದ್ದರೂ ಕೆಲವು ವಾರ ಬಿಟ್ಟು ಇನ್ನೊಮ್ಮೆ ಮಾಡಿಸಬೇಕು.

ಎರಡನೇ ಡಾಕ್ಟರ ಅನುಮಾನದಲ್ಲೂ ಹುರುಳಿದೆ. ರುಮ್ಯಾಟಿಕ್ ಜ್ವರ ಮೊದಲ ಸಲ ಬರುವುದು ಹೆಚ್ಚಾಗಿ 5ರಿಂದ 15 ವರ್ಷದ ಮಕ್ಕಳಿಗೆ. ಇಪ್ಪತ್ತರ ಹರೆಯದಲ್ಲಿ ಬರುವುದೇ ಇಲ್ಲ ಅಂತಲ್ಲ, ಕಡಿಮೆ. ಬಂದರೆ ಕೀಲಿನದ್ದೇ ಆರ್ಭಟ ಜಾಸ್ತಿ. ಇನ್ನೊಂದು, ನಿಮಗೆ ಕೆಮ್ಮಿತ್ತು. ಸ್ಟ್ರೆಪ್ ಗಂಟಲಲ್ಲಿ ಸಾಮಾನ್ಯವಾಗಿ ಕೆಮ್ಮು, ಮೂಗು ಸೋರುವುದು ಇರುವುದಿಲ್ಲ. ನುಂಗಲಾಗದ ನೋವು, ಜ್ವರ, ಕತ್ತಿನಲ್ಲಿ ಗಂಟು, ಟಾನ್ಸಿಲ್ ಮೇಲೆ ಬಿಳಿ ಚುಕ್ಕಿ, ಇವಿಷ್ಟೇ ಇರುತ್ತವೆ. ಹಾಗಾಗಿ ಹೋದ ತಿಂಗಳು ಬಂದದ್ದು ವೈರಸ್ ಆಗಿದ್ದು, ಎಎಸ್‌ಓ ಅದಕ್ಕೂ ಮುಂಚಿನ ಯಾವುದೋ ಸೋಂಕಿನದ್ದಾಗಿರುವ ಸಾಧ್ಯತೆ ಇದೆ.

ವೈರಸ್‌ಗಳೂ ಕೀಲು ಊದಿಸುತ್ತವೆ. ಉಸಿರಿನ ಮೂಲಕ ಹರಡುವ ಪಾರ್ವೊವೈರಸ್ ಬಿ19 ಮಕ್ಕಳಲ್ಲಿ ಕೆನ್ನೆ ಕೆಂಪಗೆ ಮಾಡಿ ಹೋಗುತ್ತದೆ. ದೊಡ್ಡವರಲ್ಲಿ, ಅದರಲ್ಲೂ ಹೆಂಗಸರಲ್ಲಿ, ಎರಡೂ ಕೈಗಳ ಗೆಣ್ಣು ಊದಿಸಿ ಥೇಟ್ ರುಮಟಾಯ್ಡ್ ಥರ ಕಾಣುತ್ತದೆ. ಕೋವಿಡ್ ನಂತರವೂ ಕೆಲವರಿಗೆ ಕೀಲು ನೋವು ಬಂದಿದೆ. ಹೆಪಟೈಟಿಸ್ ಬಿ ಕಾಮಾಲೆ ಕಾಣುವ ಮುಂಚೆಯೇ ಕೀಲು ಹಿಡಿಯುವುದುಂಟು. ಚಿಕೂನ್‌ಗುನ್ಯ ಅಂತೂ ನಮ್ಮ ರಾಜ್ಯಕ್ಕೆ 2006ರಲ್ಲಿ ಚೆನ್ನಾಗಿ ಪರಿಚಯ ಮಾಡಿಕೊಂಡಿತು, ಅಂದಿನಿಂದ ಕೀಲು ನೋವು ಅಂದರೆ ಜನ ಮೊದಲು ಹೇಳುವುದು ಅದನ್ನೇ. ಆದರೆ ಅದರಲ್ಲಿ ಜ್ವರ ಮತ್ತು ಕೀಲು ನೋವು ಒಟ್ಟೊಟ್ಟಿಗೆ ಬರುತ್ತವೆ, ಎರಡೂವರೆ ವಾರ ಬಿಡುವು ಕೊಟ್ಟು ಬರುವುದಿಲ್ಲ.

ಇನ್ನೊಂದು ಗುಂಪು ರಿಯಾಕ್ಟಿವ್ ಆರ್ಥ್ರೈಟಿಸ್. ಇದಕ್ಕೆ ಗಂಟಲಿಗಿಂತ ಜಾಸ್ತಿ ಕಾರಣವಾಗುವುದು ಭೇದಿ ಮತ್ತು ಮೂತ್ರನಾಳದ ಸೋಂಕು. ಮಂಡಿ, ಗಿಣ್ಣು ಊದುತ್ತವೆ, ಹಿಮ್ಮಡಿ ನೆಲಕ್ಕೆ ಊರಲಾಗುವುದಿಲ್ಲ, ಕಣ್ಣು ಕೆಂಪಾಗುತ್ತದೆ. ಊತ ಅಲೆಯುವುದಿಲ್ಲ, ತಳ ಊರುತ್ತದೆ. ಇತ್ತೀಚೆಗೆ ಹೊಟ್ಟೆ ಕೆಟ್ಟಿತ್ತಾ, ಮೂತ್ರ ಮಾಡುವಾಗ ಉರಿ ಇದೆಯಾ, ಹೊಸ ಲೈಂಗಿಕ ಸಂಪರ್ಕ ಆಗಿದೆಯಾ ಅಂತ ಡಾಕ್ಟರು ಕೇಳಿದರೆ ಮುಜುಗರ ಪಡದೆ ಇದ್ದದ್ದು ಹೇಳಿ. ಲೈಂಗಿಕ ಸಂಪರ್ಕದಿಂದ ಹರಡುವ ಗೊನೋರಿಯಾ ಕೂಡ ಕೀಲಿನಿಂದ ಕೀಲಿಗೆ ಅಲೆಯುವ ನೋವು ತರಬಲ್ಲದು. ಅದಕ್ಕೆ ಮದ್ದು ಬೇರೆ.

ನಿಮ್ಮ ವಯಸ್ಸಿನವರಲ್ಲಿ ನಾನು ಮರೆಯದೆ ನೋಡುವ ಇನ್ನೊಂದು ಕಾಯಿಲೆ ಇದೆ, ಸ್ಟಿಲ್ಸ್ ಕಾಯಿಲೆ ಅಂತ. ಅದರಲ್ಲಿ ಗಂಟಲು ನೋವು ಸೋಂಕಿನಿಂದ ಬಂದದ್ದೇ ಅಲ್ಲ, ಕಾಯಿಲೆಯದೇ ಭಾಗ. ದಿನಕ್ಕೊಮ್ಮೆ, ಹೆಚ್ಚಾಗಿ ಸಂಜೆ ಹೊತ್ತಿಗೆ, ಜ್ವರ 39 ಡಿಗ್ರಿ ದಾಟಿ ಹೋಗುತ್ತದೆ. ಜ್ವರ ಏರಿದಾಗ ಮೈಮೇಲೆ ತಿಳಿ ಗುಲಾಬಿ ಗಂಧೆ ಕಾಣಿಸಿ, ಇಳಿದಾಗ ಮಾಯವಾಗುತ್ತದೆ. ರಕ್ತದಲ್ಲಿ ಫೆರಿಟಿನ್ ಎಂಬ ಪ್ರೋಟೀನ್ ಸಾವಿರಗಟ್ಟಲೆ ಏರಿರುತ್ತದೆ. ಇಂಥವರು ‘ಗಂಟಲು ಇನ್‌ಫೆಕ್ಷನ್ ಹೋಗ್ತಾನೇ ಇಲ್ಲ’ ಅಂತ ಒಂದರ ಮೇಲೊಂದು ಆ್ಯಂಟಿಬಯಾಟಿಕ್ ನುಂಗಿ ಬಂದಿರುತ್ತಾರೆ. ಥರ್ಮಾಮೀಟರ್ ತಗೊಳ್ಳಿ ಅಂದದ್ದು ಇದಕ್ಕೂ ಸೇರಿಸಿ.

ಕೊಟ್ಟ ಮಾತ್ರೆಯೂ ಕಾರಣವಾಗಬಹುದು, ಇದನ್ನು ಯಾರೂ ಯೋಚಿಸುವುದಿಲ್ಲ. ಎದೆ ಸೋಂಕಿಗೆ ಲೀವೊಫ್ಲಾಕ್ಸಸಿನ್ ಥರದ ಮಾತ್ರೆ ತಗೊಂಡವರಿಗೆ ಹಿಮ್ಮಡಿಯ ಮೇಲಿನ ದಪ್ಪ ನರದಂಥ ಸ್ನಾಯುರಜ್ಜು ನೋಯುವುದು, ಅಪರೂಪಕ್ಕೆ ಹರಿಯುವುದೂ ಉಂಟು. ಅಮಾಕ್ಸಿಸಿಲಿನ್, ಸೆಫಲೊಸ್ಪೊರಿನ್ ತಗೊಂಡ ವಾರ ಹತ್ತು ದಿನಕ್ಕೆ ಪಿತ್ತದ ಗಂಧೆ ಎದ್ದು ಕೀಲು ಊದುವುದೂ ಇದೆ. ನೀವು ತಗೊಂಡದ್ದು ಅಜಿಥ್ರೋಮೈಸಿನ್ ಒಂದೇ ಆದರೆ ಈ ಅನುಮಾನ ಕಡಿಮೆ. ಬೇರೇನಾದರೂ ತಗೊಂಡಿದ್ದರೆ ಆ ಸ್ಟ್ರಿಪ್ ತೋರಿಸಿ.

ಈಗ ಇಂಜೆಕ್ಷನ್ ವಿಷಯ. ರುಮ್ಯಾಟಿಕ್ ಜ್ವರ ಅಂತ ಖಾತ್ರಿಯಾದರೆ ಪೆನಿಸಿಲಿನ್ ತಪ್ಪಿಸುವ ಹಾಗಿಲ್ಲ. ಒಮ್ಮೆ ಬಂದವರಿಗೆ ಮತ್ತೆ ಸ್ಟ್ರೆಪ್ ತಗುಲಿದರೆ ಮತ್ತೆ ಬರುವ ಸಂಭವ ಹೆಚ್ಚು. ಪ್ರತಿ ಸಲವೂ ಕವಾಟಕ್ಕೆ ಇನ್ನಷ್ಟು ಪೆಟ್ಟು. ಬೆಂಜಥೀನ್ ಪೆನಿಸಿಲಿನ್ 12 ಲಕ್ಷ ಯೂನಿಟ್, ಮೂರು ವಾರಕ್ಕೊಮ್ಮೆ, ಸೊಂಟದ ಕೆಳಗಿನ ಸ್ನಾಯುವಿಗೆ. ನೋವಿನ ಇಂಜೆಕ್ಷನ್, ಸುಳ್ಳು ಹೇಳುವುದಿಲ್ಲ. ಹೃದಯಕ್ಕೆ ತಗುಲದಿದ್ದರೆ ನಿಮ್ಮ ವಯಸ್ಸಿನವರಿಗೆ 5 ವರ್ಷ. ತಗುಲಿ ವಾಸಿಯಾಗಿದ್ದರೆ 10 ವರ್ಷ. ಕವಾಟದಲ್ಲಿ ದೋಷ ಉಳಿದಿದ್ದರೆ ಕನಿಷ್ಠ 40 ವರ್ಷ ವಯಸ್ಸಿನವರೆಗೆ, ಕೆಲವರಿಗೆ ಜೀವನಪೂರ್ತಿ. ಅಲರ್ಜಿ ಇದ್ದವರಿಗೆ ಬೇರೆ ಮಾತ್ರೆ ಇದೆ. ಮೊದಲ ಇಂಜೆಕ್ಷನ್ ಅಲರ್ಜಿ ಸಂಭಾಳಿಸುವ ಸೌಕರ್ಯ ಇರುವ ಕಡೆಯೇ ತಗೊಳ್ಳಿ.

ನಡುವಿನ ಒಂದು ಸ್ಥಿತಿಯೂ ಇದೆ. ಸ್ಟ್ರೆಪ್ ನಂತರ ಬಂದ ಕೀಲೂತ, ಆದರೆ ಜೋನ್ಸ್ ಲೆಕ್ಕ ತುಂಬುವುದಿಲ್ಲ. ಇದು ಗಂಟಲು ನೋವಾದ ಹತ್ತು ದಿನದೊಳಗೇ ಶುರುವಾಗಿ, ಅಲೆಯದೆ ಇದ್ದಲ್ಲೇ ಇದ್ದು, ನೋವಿನ ಮಾತ್ರೆಗೆ ಅಷ್ಟಾಗಿ ಬಗ್ಗುವುದಿಲ್ಲ. ಇಂಥವರಿಗೆ ಒಂದು ವರ್ಷ ಪೆನಿಸಿಲಿನ್ ಕೊಟ್ಟು, ಮತ್ತೆ ಎಕೋ ನೋಡಿ, ಹೃದಯ ಸರಿ ಇದ್ದರೆ ನಿಲ್ಲಿಸುವುದು ರೂಢಿ. ಹಾಗಾಗಿ ‘ವರ್ಷಗಟ್ಟಲೆ’ ಮತ್ತು ‘ಏನೂ ಬೇಡ’ ಎರಡರ ನಡುವೆ ಜಾಗ ಇದೆ. ಎಕೋ, ಇಸಿಜಿ, ಜ್ವರದ ಪಟ್ಟಿ ಬರುವವರೆಗೆ ಯಾವ ಕಡೆಗೂ ವಾಲಬೇಡಿ. ಸದ್ಯಕ್ಕೆ ಗಂಟಲಲ್ಲಿ ಉಳಿದಿರಬಹುದಾದ ಸ್ಟ್ರೆಪ್ ತೊಳೆದುಹಾಕಲು 10 ದಿನದ ಪೆನಿಸಿಲಿನ್ ಮಾತ್ರೆ ಅಥವಾ ಒಂದೇ ಇಂಜೆಕ್ಷನ್ ಕೊಟ್ಟರೆ ನಾನು ಬೇಡ ಅನ್ನುವುದಿಲ್ಲ.

ನೋವಿಗೆ ಏನು ತಗೊಳ್ಳಲಿ? ಡಾಕ್ಟರು ಊತವನ್ನು ಕಣ್ಣಾರೆ ನೋಡುವವರೆಗೆ ಪ್ಯಾರಸಿಟಮಾಲ್ ಸಾಕು. ಯಾಕೆ ಗೊತ್ತಾ? ರುಮ್ಯಾಟಿಕ್ ಜ್ವರದ ಕೀಲೂತ ನ್ಯಾಪ್ರಾಕ್ಸೆನ್ ಅಥವಾ ಆಸ್ಪಿರಿನ್ ಕೊಟ್ಟ ಎರಡು ಮೂರು ದಿನಕ್ಕೆ ಮಾಯವಾಗುತ್ತದೆ. ರೋಗ ಗುರುತಾದ ಮೇಲೆ ಇದು ವರ. ಮುಂಚೆಯೇ ಆದರೆ, ಅಲೆಯುವ ಗುಣವೇ ಕಾಣದ ಹಾಗೆ ಮುಚ್ಚಿಹೋಗುತ್ತದೆ. ಮಳೆಗಾಲದ ಜ್ವರವಾದರೆ ಡೆಂಗಿ ಅಲ್ಲ ಅಂತ ಖಚಿತವಾಗುವವರೆಗೆ ನ್ಯಾಪ್ರಾಕ್ಸೆನ್, ಆಸ್ಪಿರಿನ್ ಬೇಡವೇ ಬೇಡ. ಊದಿದ ಕೀಲಿನ ಫೋಟೋ ತೆಗೆದಿಡಿ, ಪಕ್ಕದಲ್ಲಿ ಸರಿ ಇರುವ ಕಾಲನ್ನೂ ಸೇರಿಸಿ. ಡೆಕ್ಸಾಮೆಥಸೋನ್, ಬೆಟಾಮೆಥಸೋನ್ ಥರದ ಸ್ಟೀರಾಯ್ಡ್ ಇಂಜೆಕ್ಷನ್ ಮಾತ್ರ ಯಾರು ಕೊಟ್ಟರೂ ಈಗ ಬೇಡ. ಎರಡು ದಿನಕ್ಕೆ ಓಡಾಡುತ್ತೀರಿ, ಆಮೇಲೆ ರೋಗ ಏನು ಅಂತ ಯಾರಿಗೂ ಗೊತ್ತಾಗುವುದಿಲ್ಲ.

ಒಂದೇ ಕೀಲು ಕೆಂಪಗೆ, ಬಿಸಿಯಾಗಿ, ಒಂದಿಂಚೂ ಅಲ್ಲಾಡಿಸಲು ಬಿಡದೆ, ಚಳಿಜ್ವರ ಬಂದರೆ ಈ ಲೆಕ್ಕವೆಲ್ಲ ಬಿಡಿ. ಕೀಲೊಳಗೆ ಕೀವು ಆಗಿರಬಹುದು. ಅವತ್ತೇ ಆಸ್ಪತ್ರೆಗೆ ಹೋಗಿ ಸೂಜಿಯಲ್ಲಿ ನೀರು ತೆಗೆಸಿ ಪರೀಕ್ಷೆ ಮಾಡಿಸಬೇಕು. ಮಲಗಿದರೆ ಉಸಿರು ಕಟ್ಟುವುದು, ಸುಮ್ಮನೆ ಕೂತಾಗಲೂ ಎದೆ ಹೊಡೆದುಕೊಳ್ಳುವುದು, ಕೈಕಾಲು ತಮ್ಮಷ್ಟಕ್ಕೆ ಕುಣಿಯುವುದು, ಇವಕ್ಕೂ ತಡಮಾಡಬೇಡಿ. ತಿಂಗಳುಗಟ್ಟಲೆ ಕೆಮ್ಮು, ತೂಕ ಇಳಿಯುವುದು ಇದ್ದರೆ ಎದೆಯ ಎಕ್ಸ್‌ರೇ ಮತ್ತು ಕಫ ಪರೀಕ್ಷೆ ಆಗಲೇಬೇಕು. ಕ್ಷಯವೂ ಕೀಲೂತದ ವೇಷದಲ್ಲಿ ಬರುತ್ತದೆ.

ಅಮ್ಮನಿಗೆ ಹೇಳಿ, ಬದನೆಕಾಯಿ, ಆಲೂಗಡ್ಡೆಗೂ ಈ ಕಾಯಿಲೆಗೂ ಸಂಬಂಧ ಇಲ್ಲ. ಧಾರಾಳವಾಗಿ ತಿನ್ನಿ. ಆದರೆ ಊದಿದ ಕೀಲಿಗೆ ಬಿಸಿ ಎಣ್ಣೆ ಹಾಕಿ ಗಟ್ಟಿಯಾಗಿ ತಿಕ್ಕುವುದು, ಉಳುಕು ತೆಗೆಸುವುದು ಮಾಡಬೇಡಿ, ಊತ ಇನ್ನೂ ಜಾಸ್ತಿಯಾಗುತ್ತದೆ. ಬಟ್ಟೆಯಲ್ಲಿ ಸುತ್ತಿದ ಐಸ್ ಹತ್ತು ನಿಮಿಷ ಇಟ್ಟರೆ ಹಿತ.

ಕ್ರಿಕೆಟ್ ಕೇಳಿದ್ದಿರಿ. ಎಕೋ ಸರಿ ಇದ್ದು, ಊತ ಪೂರ್ತಿ ಇಳಿದು, ಸಿಆರ್‌ಪಿ ಮಾಮೂಲಿಗೆ ಬಂದ ಮೇಲೆ ಆಡಬಹುದು. ಮೊದಲು ನಡಿಗೆ, ಆಮೇಲೆ ನೆಟ್ಸ್, ಬೌಲಿಂಗ್ ಕೊನೆಗೆ. ಎಕೋದಲ್ಲಿ ಕವಾಟ ಸೋರುತ್ತಿದೆ ಅಂತ ಬಂದರೆ ಮೈದಾನಕ್ಕೆ ಯಾವಾಗ ಇಳಿಯಬೇಕೆಂದು ಹೃದಯದ ಡಾಕ್ಟರು ಹೇಳಬೇಕು, ನಾನಲ್ಲ.